ಹನ್ನೆರಡನೆಯ ಮೆಟ್ಟಿಲು

ಹುರುಳಿಕಾಯಿ ಹೆಚ್ಚುವಾಗ ನನ್ನ ಬಾಯಿ ಸುಮ್ಮನಿರುವುದಿಲ್ಲ. ಐ ವಾಕ್, ಒಂದು ತುಂಡು. ಐ ಆ್ಯಮ್ ವಾಕಿಂಗ್, ಇನ್ನೊಂದು ತುಂಡು. ಐ ಹ್ಯಾವ್ ವಾಕೆಡ್, ಮತ್ತೊಂದು. ಹೀಗೆ ಒಂದು ಕಾಯಿ ಹನ್ನೆರಡು ತುಂಡಾಗುವ ಹೊತ್ತಿಗೆ ಇಂಗ್ಲಿಷಿನ ಒಂದು ಕ್ರಿಯಾಪದ ಇಂದು, ನಿನ್ನೆ, ನಾಳೆಗಳನ್ನೆಲ್ಲ ಸುತ್ತಿಕೊಂಡು ಬಂದಿರುತ್ತದೆ. ಮನೆಗೆ ಬಂದವರು ನನ್ನ ಪಲ್ಯದ ತುಂಡುಗಳು ಒಂದೇ ಸಮ ಇವೆಯೆಂದು ಹೊಗಳುತ್ತಾರೆ. ಕಾಯಿ ಗಿಡ್ಡವಾಗಿದ್ದರೆ ಮಾತ್ರ ಕಷ್ಟ. ನಾಳೆ ಬರುವ ಮೊದಲೇ ಮುಗಿದುಹೋಗುತ್ತದೆ.

ಈ ಅಭ್ಯಾಸ ಅಡಿಗೆಮನೆಗೇ ನಿಂತಿದ್ದರೆ ಚಿಂತೆಯಿರಲಿಲ್ಲ. ವಿಮಾ ಕಚೇರಿಯಲ್ಲಿ ಮೂವತ್ನಾಲ್ಕು ವರ್ಷ ಕೆಲಸ ಮಾಡಿದೆ, ಅಲ್ಲಿ ಲಿಫ್ಟಿಗೆ ಕಾಯುವಾಗಲೂ ಇದೇ ಜಪ. ಹಲ್ಲಿನ ಡಾಕ್ಟರು ಬಾಯಿಗೆ ಸೂಜಿ ತರುವಾಗಲೂ ಇದೇ. ನಮ್ಮವರು ಬದುಕಿದ್ದಾಗ, ಒಲೆಯ ಮುಂದೆ ನಿಂತು ನಾನು ಗುನುಗುಟ್ಟುವುದನ್ನು ನೋಡಿ, "ನಿನ್ನ ಮಂತ್ರ ಮುಗದಿದ್ರ ಒಂದು ಕಪ್ ಚಾ ಸಿಗತದೇನು?" ಎಂದು ಕೇಳುತ್ತಿದ್ದರು. ಮಂತ್ರ ಅಂದದ್ದು ತಮಾಷೆಗೆ. ಆದರೆ ಅದು ಎಷ್ಟರಮಟ್ಟಿಗೆ ಮಂತ್ರವೆಂಬುದು ನನಗೆ ತಿಳಿದದ್ದು ಈ ವರ್ಷ, ಅರವತ್ತಾರು ತುಂಬಿದ ಮೇಲೆ. ಅದನ್ನು ಹೇಳಬೇಕೆಂದೇ ಕೂತಿದ್ದೇನೆ. ನಡುವೆ ಬೇರೆ ಕಡೆ ಹೊರಳಿದರೆ ಸ್ವಲ್ಪ ತಡೆದುಕೊಳ್ಳಿ. ನೇರವಾಗಿ ಹೇಳಲು ಧೈರ್ಯ ಸಾಲದು.

ಮಂತ್ರ ಕೊಟ್ಟ ಗುರು ನಮ್ಮ ಅಪ್ಪ. ಗದಗಿನ ಕಡೆಯಿಂದ ಬಂದು ಮದರಾಸಿನಲ್ಲಿ ರೈಲ್ವೆಯ ಗೂಡ್ಸ್ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ನಮ್ಮ ಮನೆ ತ್ರಿಪ್ಲಿಕೇನಿನಲ್ಲಿ. ಮನೆ ಅಂದರೆ ಒಂದು ಅಂಗಳ, ಒಂದು ಬಾವಿ, ಸುತ್ತ ಏಳು ಸಂಸಾರಗಳು, ಅದರಲ್ಲಿ ಎರಡು ಕೋಣೆ ನಮ್ಮದು. ದೀಪ ಹಚ್ಚುವ ಹೊತ್ತಿಗೆ ಏಳೂ ಮನೆಗಳಿಂದ ಏಳು ಬಗೆಯ ಬಾಯಿಪಾಠ ಏಳುತ್ತಿತ್ತು. ನಮ್ಮಲ್ಲಿ ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿ, ಮಗ್ಗಿ, ವಾರ, ಮಾಸ, ನಕ್ಷತ್ರಗಳನ್ನು ಒಪ್ಪಿಸಿದ ಮೇಲೆ ಕೊನೆಯದಾಗಿ ಅಪ್ಪ ಪಾಟಿಯ ಮೇಲೆ ಒಂದು ಇಂಗ್ಲಿಷ್ ಶಬ್ದ ಬರೆಯುತ್ತಿದ್ದರು. ಇಂಗ್ಲಿಷ್ ಎಂದರೆ ಹನ್ನೆರಡು ಮೆಟ್ಟಿಲಿನ ಏಣಿ ಎಂದು ಅವರ ನಂಬಿಕೆ. ಇಂದಿನವು ನಾಲ್ಕು, ನಿನ್ನೆಯವು ನಾಲ್ಕು, ನಾಳೆಯವು ನಾಲ್ಕು. ಹತ್ತಲು ಶುರು ಮಾಡಿದವರು ನಡುವೆ ಇಳಿಯುವಂತಿಲ್ಲ.

ಅಪ್ಪನ ಲೆಕ್ಕದಲ್ಲಿ ಕ್ರಿಯಾಪದಗಳಲ್ಲಿ ಎರಡು ಜಾತಿ. ವಾಕ್, ಕುಕ್, ವಾಶ್, ಪ್ಲೇ ಇವೆಲ್ಲ "ಛಲೋ ಮನೆತನದ ಶಬ್ದ". ಹಿಂದೆ ಒಂದು ಬಾಲ ಹಚ್ಚಿದರೆ ತಕರಾರಿಲ್ಲದೆ ನಿನ್ನೆಗೆ ಹೋಗುತ್ತವೆ. ಗೋ ಹೋಗಿ ವೆಂಟ್ ಆಗುವಂಥವು "ತಲೆತಿರಕ ಶಬ್ದ". ಅವನ್ನು ದೀಪದ ಮುಂದೆ ತರುವಂತಿರಲಿಲ್ಲ, ಭಾನುವಾರ ಹಗಲಿಗೆ ಮೀಸಲು. ಬರೆದ ಅಕ್ಷರವನ್ನು ನುಂಗಬಾರದೆಂದು ಅವರು ವಾಕೆಡ್, ಕುಕೆಡ್, ವಾಶೆಡ್ ಎಂದು ಪೂರ್ತಿ ಹೇಳುತ್ತಿದ್ದರು. ನಾನು ಇವತ್ತಿಗೂ ಹಾಗೇ ಹೇಳುತ್ತೇನೆ. ಪೆರುಂಗುಡಿಯ ಐಟಿ ಕಚೇರಿಯಲ್ಲಿ ಕೆಲಸ ಮಾಡುವ ಮಗಳು ಸವಿತಾ, ತನ್ನ ಗೆಳತಿಯರ ಮುಂದೆ ನಾನು ಬಾಯಿ ತೆರೆದರೆ ಮೆಲ್ಲಗೆ ಕೆಮ್ಮುತ್ತಾಳೆ.

ಇದಕ್ಕೆಲ್ಲ ಒಬ್ಬ ಸೆನ್ಸಾರ್ ಅಧಿಕಾರಿ ಇದ್ದಳು, ನಮ್ಮ ಅವ್ವ. ಇಂಗ್ಲಿಷ್ ಒಂದಕ್ಷರ ಬಾರದು. ಆದರೆ ಸಂಜೆಯ ಹೊತ್ತು ಅಸ್ತು ದೇವತೆಗಳು ಮನೆಯ ಮೇಲೆ ಹಾದುಹೋಗುತ್ತಾರೆ, ಕಿವಿಗೆ ಬಿದ್ದದ್ದಕ್ಕೆಲ್ಲ ಅಸ್ತು ಅನ್ನುತ್ತಾರೆ ಎಂಬುದು ಅವಳಿಗೆ ಖಂಡಿತ ಗೊತ್ತಿತ್ತು. ಅದಕ್ಕೇ ಅಪ್ಪ ಶಬ್ದ ಬರೆದ ಕೂಡಲೇ ಒಲೆಯ ಮುಂದಿನಿಂದ ಪ್ರಶ್ನೆ ಬರುತ್ತಿತ್ತು: "ಇವತ್ತಿಂದರ ಅರ್ಥ ಏನ್ರಿ?"

"ಬರ್ನ್. ಸುಡೋದು."

"ದೀಪದ ಮುಂದ ಸುಡೋದು ಪಡೋದು ಬ್ಯಾಡ. ಅಳಸ್ರಿ."

ಹೀಗೆ ಸುಡುವುದು ಹೋಯಿತು, ಅಳುವುದು ಹೋಯಿತು, ಬೇಡುವುದು ಹೋಯಿತು. ಒಮ್ಮೆ ಅಪ್ಪ ವೆಯ್ಟ್ ಎಂದು ಬರೆದರು. ಕಾಯೋದು ಎಂದು ಅರ್ಥ ಹೇಳಿದಾಗ ಅವ್ವ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಕಾಯೋ ಕರ್ಮ ಯಾರಿಗೂ ಬ್ಯಾಡ. ಮಕ್ಕಳ ಬಾಯಾಗ ಅದನ್ನ ಹಾಕಬ್ಯಾಡ್ರಿ" ಎಂದಳು. ಅಪ್ಪ ಪಾಟಿ ಒರೆಸಿ ಲಾಫ್ ಎಂದು ಬರೆದರು.

ನಾಳೆಯ ನಾಲ್ಕು ಮೆಟ್ಟಿಲಿನ ಬಗ್ಗೆ ಅವ್ವನಿಗೆ ಬೇರೆಯೇ ತಕರಾರು. ನಾಳೆ ನಡೆಯುತ್ತೇನೆ, ನಡೆದಿರುತ್ತೇನೆ ಎಂದು ಸಂಜೆಯ ಹೊತ್ತು ಇಷ್ಟು ಗಟ್ಟಿಯಾಗಿ ಹೇಳುವುದು ಸೊಕ್ಕಿನ ಮಾತು ಎಂದು. ಕಡೆಗೆ ಗಂಡಹೆಂಡಿರಿಗೆ ರಾಜಿಯಾಯಿತು. ನಾಳೆಯ ಪ್ರತಿ ಮೆಟ್ಟಿಲಿಗೂ ಮುಂದೆ "ಶಿವನ ದಯದಿಂದ" ಎಂದು ಸೇರಿಸಬೇಕು. ಶಿವನ ದಯದಿಂದ ಐ ಶಲ್ ವಾಕ್. ಶಿವನ ದಯದಿಂದ ಐ ಶಲ್ ಬಿ ವಾಕಿಂಗ್. ಹೀಗೆ ನಾಲ್ಕು. ಅದು ಇಂಗ್ಲಿಷಿನ ಭಾಗವೇ ಎಂದು ನಾನು ತಿಳಿದಿದ್ದೆ. ಶಾಲೆಯಲ್ಲಿ ಮಿಸ್ ಒಬ್ಬರು ಓಪನ್ ಶಬ್ದವನ್ನು ನಾಳೆಗೆ ಒಯ್ಯಲು ಹೇಳಿದಾಗ ನಾನು ಎದೆಯುಬ್ಬಿಸಿ "ಶಿವನ ದಯದಿಂದ ಐ ಶಲ್ ಓಪನ್" ಅಂದೆ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಮಿಸ್ ಮಾತ್ರ ನಗದೆ, ಇನ್ನೊಮ್ಮೆ ಹೇಳು ಅಂದರು. ಬಹುಶಃ ಸಂಸ್ಕೃತವೆಂದುಕೊಂಡಿದ್ದರು.

ಇಷ್ಟೆಲ್ಲ ವಿವರ ಯಾಕೆಂದರೆ, ಈ ಏಣಿ ಲೋಕದಲ್ಲಿ ನಮ್ಮ ಮನೆಯೊಂದರಲ್ಲೇ ಇತ್ತು. ಇದನ್ನು ನೆನಪಿಟ್ಟುಕೊಳ್ಳಿ.

ನಾವು ಇಬ್ಬರು ಮಕ್ಕಳು. ನಾನು ಗಿರಿಜಾ, ನನಗಿಂತ ಏಳು ವರ್ಷ ದೊಡ್ಡವನು ಮಲ್ಲಣ್ಣ. ಮಲ್ಲಣ್ಣನಿಗೆ ಉಗ್ಗು. ಒಬ್ಬನೇ ಮಾತಾಡಲು ಹೊರಟರೆ ಮೊದಲ ಅಕ್ಷರದಲ್ಲೇ ಸಿಕ್ಕಿಬೀಳುತ್ತಿದ್ದ, ಕುತ್ತಿಗೆಯ ನರ ಉಬ್ಬುತ್ತಿತ್ತು, ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಆದರೆ ನಾಲ್ಕು ಜನರ ಜೊತೆ ಸೇರಿ ಹೇಳುವಾಗ ಉಗ್ಗು ಮಾಯ. ಸಂಜೆ ನನ್ನ ಜೊತೆ ಏಣಿ ಹತ್ತುವಾಗ ಅವನ ದನಿ ತಿಳಿನೀರಿನ ಹಾಗೆ ಹರಿಯುತ್ತಿತ್ತು. ಹನ್ನೊಂದರವರೆಗೆ ಮಾತ್ರ. ಐ ಶಲ್ ಹ್ಯಾವ್ ಬೀನ್ ವಾಕಿಂಗ್ ಎಂಬ ಹನ್ನೆರಡನೆಯದು ಎಲ್ಲಕ್ಕಿಂತ ಉದ್ದ. ಅಷ್ಟು ಹೊತ್ತಿಗೆ ನಾನು ಊಟದ ಆಸೆಗೆ ಓಡುವ ಲಯದಲ್ಲಿರುತ್ತಿದ್ದೆ. ಅವನು ಹಿಂದೆ ಉಳಿಯುತ್ತಿದ್ದ. ಒಂಟಿಯಾದ ಕೂಡಲೇ ಗಂಟಲು ಕಟ್ಟುವುದೆಂದು ಗೊತ್ತಿದ್ದರಿಂದ ತುಟಿಯಷ್ಟೇ ಆಡಿಸುತ್ತಿದ್ದ. ಪಕ್ಕದಲ್ಲಿ ಕೂತ ನನಗೆ ಗೊತ್ತಿತ್ತು. ಅಪ್ಪನಿಗೆ ಗೊತ್ತಿರಲಿಲ್ಲ.

ನಾನು ಚಾಡಿ ಹೇಳಿದೆ. ಹತ್ತು ವರ್ಷದವಳಿದ್ದೆ, ಅದೇನೋ ಸಣ್ಣ ಜಗಳ. ಯಾವುದಕ್ಕೆ ಎಂಬುದು ಕೂಡ ಈಗ ನೆನಪಿಲ್ಲ. "ಅಪ್ಪಾ, ಅಣ್ಣ ಹನ್ನೆರಡನೇದು ಎಂದೂ ಹೇಳಂಗಿಲ್ಲ, ಬರೇ ತುಟಿ ಅಲ್ಲಾಡಸ್ತಾನ" ಅಂದೆ.

ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ಮಲ್ಲೂ, ನೀ ಒಬ್ಬನ ಹೇಳು."

ಮಲ್ಲಣ್ಣ ಎದ್ದು ನಿಂತ. "ಶಿ... ಶಿ..." ಎಂದ. ಅಂಗಳದ ಬೇರೆ ಮನೆಗಳ ಪಾಠ ಒಂದೊಂದಾಗಿ ನಿಂತು, ಎಲ್ಲರೂ ಕಿವಿಗೊಟ್ಟದ್ದು ನಮಗೆ ತಿಳಿಯಿತು. ಹದಿನೇಳರ ಹುಡುಗ. ಅಪ್ಪ ಕೆಟ್ಟವರಲ್ಲ, ಉಗ್ಗು ಎಂದರೆ ಹಟ ಎಂದು ತಿಳಿದಿದ್ದರು ಅಷ್ಟೆ. "ಹನ್ನೆರಡನೇದು ಹೇಳಿದ ಮ್ಯಾಲೆ ತಾಟಿಗೆ ಕೂಡು. ಅಲ್ಲೀತನಕ ಊಟ ಇಲ್ಲ" ಎಂದರು. ಮಲ್ಲಣ್ಣ ನನ್ನ ಕಡೆ ಒಮ್ಮೆ ನೋಡಿದ. ಸಿಟ್ಟಿನಿಂದಲ್ಲ, ಅದನ್ನೇ ನನಗೆ ಇವತ್ತಿಗೂ ತಾಳಲಾಗುವುದಿಲ್ಲ. ಚಪ್ಪಲಿ ಮೆಟ್ಟಿಕೊಂಡು "ಬ... ಬ... ಬರ್ತೀನಿ" ಎಂದು ಹೊರಟ. ಬರಲಿಲ್ಲ.

ಅಪ್ಪ ರೈಲ್ವೆಯವರಲ್ಲವೇ, ಗೊತ್ತಿದ್ದ ಗಾರ್ಡುಗಳಿಗೆಲ್ಲ ಚಹರೆ ಬರೆದುಕೊಟ್ಟರು. ಎಷ್ಟೋ ತಿಂಗಳು ಯಾವ ಗಾಡಿ ಬಂದರೂ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆದರು. ಪಾಟಿಯನ್ನು ಅಟ್ಟಕ್ಕೆ ಹಾಕಿದರು, ಮತ್ತೆಂದೂ ಇಂಗ್ಲಿಷ್ ಹೇಳಿಕೊಡಲಿಲ್ಲ. ಅವ್ವ ಮಲ್ಲಣ್ಣನ ತಾಟನ್ನು ಬೇರೆ ಯಾರಿಗೂ ಬಡಿಸಲು ಬಿಡಲಿಲ್ಲ. ಅದರ ಅಂಚಿನಲ್ಲಿ ಅವನ ಹೆಸರು ಕೊರೆಸಿದ್ದರು. ಪಾತ್ರೆ ಅಂಗಡಿಯ ತಮಿಳಿನವನು ಕನ್ನಡ ಬಾರದೆ, ಅಪ್ಪ ಬರೆದುಕೊಟ್ಟದ್ದನ್ನು ನೋಡಿ ನೋಡಿ ಚುಕ್ಕಿಯಿಟ್ಟು ಕೆತ್ತಿದ್ದ. "ಮಲ್ಲು" ಎಂಬ ಅಕ್ಷರಗಳು ಒಂದರ ಮೇಲೊಂದು ಒರಗಿಕೊಂಡಿದ್ದವು.

ಅಪ್ಪ ನಿವೃತ್ತರಾದ ಮೇಲೆ ಮದರಾಸಿನ ಅಂಚಿನ ಪೋರೂರಿಗೆ ಬಂದೆವು. ಅವ್ವ ಹೊರಡಲು ಒಪ್ಪಿರಲಿಲ್ಲ. "ಅವ ಬಂದ್ರ ಎಲ್ಲಿ ಹುಡುಕ್ಯಾನು?" ಎಂದು ಬಾವಿಕಟ್ಟೆ ಹಿಡಿದು ಕೂತುಬಿಟ್ಟಳು. ಕಡೆಗೆ ಬೀದಿಮೂಲೆಯ ಹೂವಿನಾಕೆಗೆ ಹೊಸ ವಿಳಾಸ ಬರೆದುಕೊಟ್ಟ ಮೇಲೇ ಗಾಡಿ ಹತ್ತಿದಳು. ಆಮೇಲೆ ಆ ಹೂವಿನಾಕೆ ಸತ್ತಳು, ಆ ಮನೆಯನ್ನೂ ಕೆಡವಿದರು ಎಂದು ಕೇಳಿದೆವು. ಅಪ್ಪ ಹೋದರು, ಅವ್ವ ಹೋದಳು. ತಾಟು ನನ್ನ ಪಾಲಿಗೆ ಬಂತು. ಏಣಿಯೂ.

ಈಗ ಈ ವರ್ಷದ ಮಾತು. ನಾನು ಸವಿತಾ ಮತ್ತು ಅವಳ ಮಗಳು ನಿತ್ಯಾಳ ಜೊತೆ ಪೋರೂರಿನ ಒಂದು ಅಪಾರ್ಟ್‌ಮೆಂಟಿನ ಆರನೇ ಮಹಡಿಯಲ್ಲಿದ್ದೇನೆ. ಇಂಥ ಕಟ್ಟಡಗಳಲ್ಲಿ ಬಚ್ಚಲುಮನೆಗಳ ಗಾಳಿಗೆಂದು ನೆಲದಿಂದ ತಾರಸಿಯವರೆಗೆ ಬಾವಿಯಂಥ ಒಂದು ಕಿಂಡಿ ಬಿಟ್ಟಿರುತ್ತಾರೆ. ಪೈಪುಗಳೆಲ್ಲ ಅದರಲ್ಲೇ. ಯಾರ ಮನೆಯ ನಲ್ಲಿ ಸೋರುತ್ತದೆ, ಯಾರಿಗೆ ಕೆಮ್ಮು, ಎಲ್ಲ ಅದರೊಳಗಿಂದ ಕೇಳುತ್ತದೆ. ಯಾವ ಮಹಡಿಯದು ಎಂದು ಮಾತ್ರ ತಿಳಿಯುವುದಿಲ್ಲ.

ಒಂದು ಸಂಜೆ ದೀಪ ಹಚ್ಚಿ, ಬಚ್ಚಲಿಗೆ ಹೋಗಿ ಮುಖ ತೊಳೆಯುತ್ತಿದ್ದೆ. ಮನೆಯಲ್ಲಿ ಯಾರೂ ಇರಲಿಲ್ಲ. ಕಿಂಡಿಯೊಳಗಿಂದ ಸಣ್ಣ ದನಿಯೊಂದು ಬಂತು. ಐ ಕುಕ್. ಐ ಆ್ಯಮ್ ಕುಕಿಂಗ್. ಐ ಹ್ಯಾವ್ ಕುಕೆಡ್.

ಯಾವುದೋ ಮಗು ಓದುತ್ತಿದೆ ಎಂದುಕೊಂಡೆ. ಕುಕೆಡ್ ಅನ್ನುವವರು ನಾವೊಬ್ಬರೇ ಅಲ್ಲವಲ್ಲ ಎಂದು ಖುಷಿಯೂ ಆಯಿತು. ಇಂದು ಮುಗಿಯಿತು, ನಿನ್ನೆ ಮುಗಿಯಿತು. ಆಮೇಲೆ ಆ ದನಿ ಹೇಳಿತು: ಶಿವನ ದಯದಿಂದ ಐ ಶಲ್ ಕುಕ್.

ಕೈಯಲ್ಲಿದ್ದ ಚೊಂಬು ಬಿತ್ತು. ಹನ್ನೊಂದನೆಯದರವರೆಗೆ ಬಂದು ದನಿ ನಿಂತುಹೋಯಿತು. ಹನ್ನೆರಡನೆಯದು ಬರಲಿಲ್ಲ. ಕಿಂಡಿಯಲ್ಲಿ ಯಾರದೋ ನಲ್ಲಿಯ ನೀರು ಮಾತ್ರ ಸುರಿಯುತ್ತಿತ್ತು.

ಮರುದಿನವೂ ಅದೇ ಹೊತ್ತಿಗೆ ಅದೇ. ಅದರ ಮರುದಿನವೂ. ಸವಿತಾ ಪೆರುಂಗುಡಿಯಿಂದ ಬರುವುದು ಎಂಟಕ್ಕೆ. ನಿತ್ಯಾ ಈಜು ಕಲಿಯಲು ಹೋಗಿ ಏಳರ ಮೇಲೆ ಬರುತ್ತಾಳೆ. ರಜೆಯ ದಿನ ಅವಳನ್ನು ಹಿಡಿದು ಬಚ್ಚಲಲ್ಲಿ ನಿಲ್ಲಿಸಿದೆ. ಅವತ್ತು ದನಿ ಇಲ್ಲ. "ಎನಕ್ಕು ಒಣ್ಣುಮೇ ಕೇಕ್ಕಲೆ ಪಾಟ್ಟಿ", ಏನೂ ಕೇಳಿಸುತ್ತಿಲ್ಲ ಅಜ್ಜಿ, ಎಂದು ಹೊರಗೋಡಿದಳು. ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ತಮಿಳಿನಲ್ಲೇ. ಸವಿತಾ ನನ್ನ ಮುಖ ನೋಡಿ, "ಅಮ್ಮಾ, ಒಂದ್ಸಲ ಕಿವಿ ಡಾಕ್ಟರ್ ಹತ್ರ ಹೋಗಿ ಬರೋಣ, ಸೆರಿಯಾ?" ಎಂದಳು. ಡಾಕ್ಟರು ನಾನಾ ಬಗೆಯ ಸದ್ದು ಕೇಳಿಸಿ, ಈ ವಯಸ್ಸಿಗೆ ಇಷ್ಟು ಒಳ್ಳೆಯ ಕಿವಿ ಅಪರೂಪ ಎಂದರು. ಆಗ ನಿಜವಾಗಿ ಹೆದರಿದೆ.

ದನಿ ಮೇಲಿನಿಂದ ಬರುತ್ತಿದೆ ಎಂದು ನನಗನ್ನಿಸುತ್ತಿತ್ತು. ಏಳನೇ ಮಹಡಿಗೆ ಹೋದೆ. ಬೀಗ. ಕೆಳಗೆ ಬಂದು ಕಾವಲಿನವರನ್ನು ವಿಚಾರಿಸಿದೆ. "ಏಳಾವದು ಮಾಡಿ ಕಾಲಿಮ್ಮಾ. ಪೊಂಗಲ್‌ಲೇರ್ಂದು ಯಾರುಂ ಇಲ್ಲೆ" ಎಂದರು. ಪೊಂಗಲ್ಲಿನಿಂದ ಖಾಲಿ ಬಿದ್ದಿರುವ ಮನೆಯಲ್ಲಿ ದಿನಾ ಸಂಜೆ ಒಂದು ಮಗು ನಮ್ಮ ಅವ್ವನ ಶಿವನನ್ನು ಕರೆಯುತ್ತಿದೆ. ಲಿಫ್ಟಿನಲ್ಲಿ ಒಬ್ಬಳೇ ಬರಲು ಧೈರ್ಯವಾಗದೆ, ಕೊರಿಯರಿನವರು ಬರುವವರೆಗೆ ಕಾದು ಅವರ ಜೊತೆ ಮೇಲೆ ಬಂದೆ.

ಹೆದರಿಕೆಗಿಂತ ದೊಡ್ಡದಾಗಿ ಇನ್ನೊಂದು ಕಾಟ ಶುರುವಾಯಿತು. ಹನ್ನೊಂದಕ್ಕೆ ನಿಲ್ಲುವ ಆ ದನಿ. ಅರ್ಧ ಹತ್ತಿದ ಏಣಿ ಬಿಟ್ಟು ಇಳಿಯಬಾರದೆಂಬುದು ನನ್ನ ರಕ್ತದಲ್ಲೇ ಇದೆ. ಒಂದು ಸಂಜೆ ತಡೆಯಲಾರದೆ ಕಿಂಡಿಗೆ ಮುಖವಿಟ್ಟು ನಾನೇ ಹೇಳಿಬಿಟ್ಟೆ: "ಶಿವನ ದಯದಿಂದ ಐ ಶಲ್ ಹ್ಯಾವ್ ಬೀನ್ ಕುಕಿಂಗ್." ಕಿಂಡಿ ಗಪ್‌ಚಿಪ್ಪಾಯಿತು. ಅಂದಿನಿಂದ ದಿನಾ ಆ ಒಂದು ಮೆಟ್ಟಿಲು ನನ್ನ ಪಾಲಿನದಾಯಿತು. ಅದು ಹನ್ನೊಂದು ಹೇಳುವುದು, ನಾನು ಹನ್ನೆರಡನೆಯದು ಹೇಳುವುದು, ಆಮೇಲೆ ಇಬ್ಬರೂ ಸುಮ್ಮನಾಗುವುದು. ಮಗಳಿಗೆ ಹೇಳಲಿಲ್ಲ. ಕಿವಿ ಡಾಕ್ಟರಾದ ಮೇಲೆ ಯಾವ ಡಾಕ್ಟರು ಎಂದು ನನಗೆ ಗೊತ್ತಿತ್ತು.

ಎರಡು ವಾರ ಹೀಗೆ ಕಳೆದಿರಬೇಕು. ಒಂದು ಸಂಜೆ ತರಕಾರಿ ತಂದು ಲಿಫ್ಟ್ ಹತ್ತಿದೆ. ಜೊತೆಗೆ ಚೀಲ ಹೊತ್ತ ಇಬ್ಬರು ಹುಡುಗಿಯರು.

"ಇನ್ನಿಕ್ಕು ಬಾತ್ರೂಮ್ ಪಕ್ಕತ್ತುಲ ನಾ ಒಕ್ಕಾರ ಮಾಟ್ಟೇನ್ ಪಾ" ಎಂದಳು ಒಬ್ಬಳು. ಇವತ್ತು ಬಚ್ಚಲಿನ ಪಕ್ಕ ತಾನು ಕೂರುವುದಿಲ್ಲವಂತೆ.

"ಪದಿನೊಣ್ಣು ಮುಡಿಂಜದುಂ ಪೈಪ್ ಪೇಯ್ ಪೇಸುಂ" ಎಂದಳು ಇನ್ನೊಬ್ಬಳು. ಹನ್ನೊಂದು ಮುಗಿದದ್ದೇ ತಡ, ಪೈಪಿನ ದೆವ್ವ ಮಾತಾಡುತ್ತದೆ.

"ಕೆಳವಿ ಪೇಯ್ ಡೀ ಅದು!"

ಕೆಳವಿ ಎಂದರೆ ಮುದುಕಿ. ಆ ಮುದುಕಿ ದೆವ್ವ ತರಕಾರಿ ಚೀಲ ಹಿಡಿದು ಅವರ ಹಿಂದೆಯೇ ನಿಂತಿತ್ತು. ದೆವ್ವಕ್ಕೆ ನಗು ಬಂತು, ಮರುಕ್ಷಣ ಅಳುವೂ ಬಂತು. ಹುಡುಗಿಯರು ಮೂರನೆಯ ಮಹಡಿಯಲ್ಲಿ ಇಳಿದರು. ನಾನೂ ಇಳಿದೆ.

ಅದು ವಸಂತಿ ಎಂಬ ಟೀಚರಮ್ಮನ ಮನೆ. ನಲವತ್ತೈದರ ಆಸುಪಾಸಿನ ತಮಿಳು ಹೆಂಗಸು. ಸಂಜೆ ಏಳೆಂಟು ಮಕ್ಕಳನ್ನು ಕೂರಿಸಿಕೊಂಡು ಟ್ಯೂಷನ್ ಹೇಳುತ್ತಾರೆ, ರಜೆಯ ದಿನ ಬಿಟ್ಟು. ಅಷ್ಟೂ ದನಿಗಳು ಕಿಂಡಿಯಲ್ಲಿ ಹೆಣೆದುಕೊಂಡು ಮೂರು ಮಹಡಿ ಮೇಲೆ ಒಂದೇ ಮಗುವಿನ ದನಿಯಾಗಿ ನನ್ನನ್ನು ಮುಟ್ಟುತ್ತಿದ್ದವು. "ಹನ್ನೆರಡನೆಯದು ಹೇಳುತ್ತಿದ್ದದ್ದು ನಾನು" ಎಂದು ತಮಿಳಿನಲ್ಲಿ ಹೇಳಿದೆ. ವಸಂತಿ ಬಾಗಿಲು ಹಿಡಿದುಕೊಂಡು "ನೀಂಗಳಾ?" ಎಂದು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು. ಮಕ್ಕಳ ಹಾಗೆ ಅವರೂ ಹೆದರಿದ್ದರು, ಆದರೆ ಬೇರೆ ಕಾರಣಕ್ಕೆ.

"ಇದನ್ನು ನಿಮಗೆ ಯಾರು ಕಲಿಸಿದರು?" ಎಂದು ಕೇಳಿದೆ.

ತ್ರಿಪ್ಲಿಕೇನಿನಲ್ಲಿ ಹುಟ್ಟಿ ಬೆಳೆದವರು ವಸಂತಿ. ಅವರ ಮನೆಯೆದುರು ಒಂದು ಲಾಡ್ಜು. ಅದರ ಮೇಲಿನ ಕೋಣೆಯಲ್ಲಿ ಕನ್ನಡ ಸಾರ್ ಇದ್ದರು. ಅವರ ಹೆಸರು ಯಾರಿಗೂ ಗೊತ್ತಿಲ್ಲ. ಸುತ್ತಲಿನ ಮೆಸ್ಸುಗಳಲ್ಲಿ ಕೆಲಸ ಮಾಡುವವರ ಮಕ್ಕಳಿಗೆ ಸಂಜೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ತಾವಾಗಿ ಮಾತಾಡುತ್ತಿರಲಿಲ್ಲ, ಬೇಕಾದ್ದನ್ನು ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದರು. ಮಕ್ಕಳೆಲ್ಲ ಸೇರಿ ಒಟ್ಟಿಗೆ ಹೇಳುವಾಗ ಮಾತ್ರ ಅವರ ದನಿ ಬಿಚ್ಚುತ್ತಿತ್ತು. "ಎಷ್ಟು ಒಳ್ಳೆಯ ದನಿ ಗೊತ್ತಾಮ್ಮಾ" ಎಂದರು ವಸಂತಿ. ಶಿವನ ದಯದಿಂದ ಎಂದರೆ ಏನೆಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಸಾರ್ ಕಲಿಸಿದ್ದು, ಅದಕ್ಕೇ ಹಾಗೇ ಕಲಿಸುತ್ತಾರೆ.

ಲಾಡ್ಜು ಎಲ್ಲಿ ಎಂದು ಕೇಳಿದೆ. ಅವರು ಬೀದಿ ಹೇಳಿದರು, ಮೂಲೆ ಹೇಳಿದರು. ಮೊದಲು ಅಲ್ಲಿ ಬಾವಿಯಿದ್ದ ಒಂದು ಹಳೆಯ ಮನೆ ಇತ್ತಂತೆ, ಅದನ್ನು ಕೆಡವಿ ಕಟ್ಟಿದ್ದಂತೆ.

ಮಲ್ಲಣ್ಣ ಮನೆಗೆ ಬಂದಿದ್ದ. ಎಷ್ಟು ವರ್ಷ ಎಲ್ಲೆಲ್ಲಿ ಇದ್ದನೋ, ಕಡೆಗೆ ಬಂದಿದ್ದ. ಮನೆ ಇರಲಿಲ್ಲ, ನಾವಿರಲಿಲ್ಲ. ಆ ಜಾಗದಲ್ಲೇ ಒಂದು ಕೋಣೆ ಹಿಡಿದು ನಮ್ಮನ್ನು ಕಾಯುತ್ತ ಕೂತಿದ್ದ. ನಾವು ಇಲ್ಲಿ ಅವನನ್ನು ಕಾಯುತ್ತಿದ್ದೆವು. ನಡುವೆ ಇದ್ದದ್ದು ಒಂದು ಬಸ್ಸಿನ ದಾರಿ.

"ಹನ್ನೆರಡನೆಯದು ಯಾಕೆ ಹೇಳಿಕೊಡಲಿಲ್ಲ?"

"ನಾನೂ ಕೇಳಿದ್ದೆ. ಪಾಟಿ ಮೇಲೆ ಬರೆದರು. ಅದು ನಮ್ಮ ಮನೆಯಲ್ಲಿದೆ, ಮನೆಗೆ ಹೋದ ಮೇಲೆ ಹೇಳುತ್ತೇನೆ ಅಂತ." ವಸಂತಿ ಕಣ್ಣೊರೆಸಿಕೊಂಡರು. "ಸಾರ್ ಹೋಗಿ ಎರಡು ವರ್ಷ ಆಯಿತಮ್ಮಾ. ತಮ್ಮ ಕಡೆ ಸುಡುವುದಿಲ್ಲ, ಹೂಳಬೇಕು ಅಂತ ಮೊದಲೇ ಬರೆದುಕೊಟ್ಟಿದ್ದರು. ನಾವು ಹಳೆಯ ಮಕ್ಕಳೆಲ್ಲ ಸೇರಿ ಹಾಗೇ ಮಾಡಿದೆವು. ಮೊನ್ನೆ ಪೈಪಿನೊಳಗೆ ಹನ್ನೆರಡನೆಯದು ಕೇಳಿಸಿದಾಗ ನಾನೇನು ಅಂದುಕೊಂಡೆ ಗೊತ್ತಾ?"

ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಮಕ್ಕಳ ನಡುವೆ ಪಾಟಿ ಹಿಡಿದ ಬೋಳುತಲೆಯ ಮುದುಕ. ಮೂಗು ಅಪ್ಪನದು, ಹಣೆಯ ತುಂಬ ವಿಭೂತಿ. ನಾನು ಆ ಪರಕೀಯರ ಹೊಸ್ತಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಅವನು ಬದುಕಿದ್ದಾಗ ಒಂದೇ ಒಂದು ಸಲ ಸಿಕ್ಕಿದ್ದರೆ ಸಾಕಿತ್ತು. ತಪ್ಪಾಯಿತು ಅನ್ನುವಷ್ಟು ಹೊತ್ತು.

ನಾಳೆ ಸಂಜೆ ನೀವೇ ಬಂದು ಮಕ್ಕಳಿಗೆ ಹನ್ನೆರಡನೆಯದು ಕಲಿಸಿ, ಸಾರಿನ ಏಣಿ ಪೂರ್ತಿಯಾಗಲಿ ಎಂದರು ವಸಂತಿ. ಮರುದಿನ ಹೋದೆ. ಸವಿತಾ ಆಫೀಸಿನಲ್ಲಿ, ನಿತ್ಯಾ ಈಜಿನಲ್ಲಿ. ಮನೆಗೆ ಬೀಗ ಹಾಕಿ ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಿದ್ದೆ. ಇದನ್ನು ಒತ್ತಿ ಹೇಳುತ್ತಿದ್ದೇನೆ.

ವಸಂತಿ ಬೋರ್ಡಿನ ಮೇಲೆ ಅವತ್ತಿನ ಶಬ್ದ ಬರೆದರು. ವೆಯ್ಟ್. ಅಳಿಸಿ ಎನ್ನಲು ಅವ್ವ ಇರಲಿಲ್ಲ. ಮಕ್ಕಳು ದೆವ್ವದ ಪಕ್ಕ ಕೂತ ಸಂಭ್ರಮದಲ್ಲಿ ಕಿರುಚಿ ಕಿರುಚಿ ಹೇಳಿದರು. ಐ ವೆಯ್ಟ್. ಐ ಆ್ಯಮ್ ವೆಯ್ಟಿಂಗ್. ಇಂದು ಹೋಯಿತು, ನಿನ್ನೆ ಹೋಯಿತು. ಶಿವನ ದಯದಿಂದ ಐ ಶಲ್ ಹ್ಯಾವ್ ವೆಯ್ಟೆಡ್ ಎಂದು ಹನ್ನೊಂದನೆಯದಕ್ಕೆ ನಿಂತು ಎಲ್ಲರೂ ನನ್ನ ಮುಖ ನೋಡಿದರು.

ಬಾಯಿ ತೆರೆದೆ. "ಶಿ..." ಎಂದೆ. ಮುಂದೆ ಬರಲಿಲ್ಲ. "ಶಿ... ಶಿ..." ಕುತ್ತಿಗೆ ಬಿಗಿಯಿತು, ಕಣ್ಣು ತಾನಾಗಿ ಮುಚ್ಚಿಕೊಂಡಿತು. ಅಂಗಳದ ಏಳು ಮನೆಗಳು ಕಿವಿಗೊಟ್ಟ ಹಾಗೆ ಎಲ್ಲ ಸುಮ್ಮನಿತ್ತು. ಅವನಿಗೆ ಅಂದು ಏನಾಗಿತ್ತೆಂದು ಆಗ ತಿಳಿಯಿತು.

ಆಗ ಬಚ್ಚಲಿನ ಕಡೆಯಿಂದ, ಕಿಂಡಿಯ ಮೇಲಿನಿಂದ ದನಿ ಇಳಿದು ಬಂತು. ಗಂಡಸಿನ ದನಿ, ವಯಸ್ಸಾದದ್ದು. ಒಂಟಿ ದನಿ. ಒಂದು ಅಕ್ಷರಕ್ಕೂ ತಡವರಿಸಲಿಲ್ಲ.

"ಶಿವನ ದಯದಿಂದ ಐ ಶಲ್ ಹ್ಯಾವ್ ಬೀನ್ ವೆಯ್ಟಿಂಗ್."

"ಇದು ಪಾಟ್ಟಿ ಇಲ್ಲೆ" ಎಂದಿತು ಒಂದು ಮಗು ಮೆಲ್ಲಗೆ. ಇದು ಅಜ್ಜಿಯಲ್ಲವಂತೆ. ವಸಂತಿ ಬಾಯಿಯ ಮೇಲೆ ಕೈಯಿಟ್ಟುಕೊಂಡು ಎದ್ದು ನಿಂತಿದ್ದರು. "ಸಾರ್" ಎಂದಷ್ಟೇ ಅಂದರು.

ಲಿಫ್ಟಿಗೆ ಕಾಯದೆ ಮೂರು ಮಹಡಿ ಹತ್ತಿದೆ. ಅವತ್ತು ಮಂಡಿ ನೋಯಲಿಲ್ಲ. ನಮ್ಮ ಮನೆಯ ಬೀಗ ಹಾಕಿದಂತೆಯೇ ಇತ್ತು. ಕೀಲಿ ತಿರುಗಿಸಿ ಬಾಗಿಲು ತೆರೆದೆ. ಒಳಗೆ ಯಾರೂ ಇಲ್ಲ. ಹಚ್ಚಿಟ್ಟು ಹೋಗಿದ್ದ ದೀಪ ಉರಿಯುತ್ತಿತ್ತು, ಕಿಟಕಿಯಾಚೆ ಪೋರೂರು ಕೆರೆಯ ಮೇಲೆ ಇನ್ನೂ ಸ್ವಲ್ಪ ಬೆಳಕಿತ್ತು. ನನಗೆ ಭಯವಾಗಿತ್ತು, ಸುಳ್ಳು ಹೇಳುವುದಿಲ್ಲ. ಓಡಿಹೋಗಬೇಕು ಅನ್ನಿಸುವಷ್ಟು ಭಯ. ಆದರೆ ಹನ್ನೆರಡನೆಯದು ಹೇಳಿ ಆಗಿತ್ತು. ಹೇಳಿದ ಮೇಲೆ ತಾಟು ಎಂದು ಅಪ್ಪ ಮಾತು ಕೊಟ್ಟಿದ್ದರು.

ಸ್ಟೂಲು ಹಾಕಿಕೊಂಡು ಅಟ್ಟದಿಂದ ತಾಟು ಇಳಿಸಿದೆ. ಸೆರಗಿನಿಂದ ಧೂಳು ಒರೆಸಿದೆ. ಒರಗಿಕೊಂಡ ಆ ಅಕ್ಷರಗಳು ಬೆರಳಿಗೆ ಸಿಕ್ಕವು. ನೆಲದ ಮೇಲೆ ದೀಪಕ್ಕೆ ಎದುರಾಗಿ ಇಟ್ಟು, ಪಕ್ಕದಲ್ಲಿ ಒಂದು ಲೋಟ ನೀರಿಟ್ಟೆ.

"ನಾನ ಚಾಡಿ ಹೇಳಿದ್ದೆ ಮಲ್ಲಣ್ಣ. ತಪ್ಪಾತು" ಎಂದೆ. ದನಿ ಎಷ್ಟು ಸಣ್ಣದಾಗಿ ಬಂತೆಂದರೆ ಹತ್ತು ವರ್ಷದವಳದೇ ಇರಬೇಕು. ಆಮೇಲೆ, ಹೊರಗಿನಿಂದ ಬಂದ ಮಗನಿಗೆ ಅವ್ವ ದಿನಾ ಹೇಳುತ್ತಿದ್ದದ್ದನ್ನು ಹೇಳಿದೆ. "ಕೈಕಾಲು ತೊಳಕೊಂಡು ಬಾ. ಬಡಸ್ತೀನಿ."

ಬಚ್ಚಲಿನಲ್ಲಿ ನಲ್ಲಿ ತಿರುಗಿದ ಸದ್ದಾಯಿತು, ನೀರು ಬೀಳತೊಡಗಿತು. ಕಿಂಡಿಯಲ್ಲಿ ಯಾರ ಮನೆಯ ನಲ್ಲಿಯಾದರೂ ಹಾಗೆ ಕೇಳುತ್ತದೆ ಎಂದು ನಾನೇ ನಿಮಗೆ ಹೇಳಿದ್ದೇನೆ. ಹೋಗಿ ನೋಡಲಿಲ್ಲ. ಅಕ್ಕಿ ತೊಳೆದು ಒಲೆಯ ಮೇಲಿಟ್ಟೆ, ಇಬ್ಬರಿಗಾಗುವಷ್ಟು.